ಡೆಲ್ಲಿಗೆ ಹೊರಟ ಓಬಕ್ಕ

ಪಂಚಾಯಿತಿಯ ಮೊದಲ ಸಭೆಯಲ್ಲೇ ಓಬಕ್ಕ ತನ್ನ ಗಂಡನನ್ನು ಕುರ್ಚಿಯಿಂದ ಎಬ್ಬಿಸಿದಳು. ಅಧ್ಯಕ್ಷೆ ಅವಳು, ರೂಢಿಯಂತೆ ಬಂದು ಕೂತಿದ್ದವನು ಅವನು. "ಏಳಯ್ಯ ಮೇಲೆ, ಊರು ಓಟಾಕಿರೋದು ನಂಗೆ" ಅಂದಳು. ಸದಸ್ಯರೆಲ್ಲ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ನಾನಲ್ಲಿ ಕಂಪ್ಯೂಟರ್ ಆಪರೇಟರ್. ನಡಾವಳಿಯ ಪ್ರತಿ ಸಾಲನ್ನೂ ನನ್ನಿಂದ ಓದಿಸಿಕೊಂಡೇ ಅವಳು ಸಹಿ ಹಾಕುತ್ತಿದ್ದಳು.

ನಿಡುಗಲ್ ಬೆಟ್ಟದ ಬುಡದಲ್ಲಿ ನಮ್ಮ ನಾಯಕ ಜನ ತಲೆಮಾರುಗಳಿಂದ ಉಳುತ್ತಿರುವ ಹೊಲಗಳಿಗೆ ಹಕ್ಕುಪತ್ರವಿಲ್ಲ. ಅದಕ್ಕಾಗಿ ಓಬಕ್ಕ ಅಲೆಯದ ಕಚೇರಿಯಿಲ್ಲ. ಕಾಡಿನ ಜಾಗ, ತೀರ್ಮಾನ ಅಲ್ಲಿಯದೇ ಎಂದು ಎಲ್ಲರೂ ಡೆಲ್ಲಿಯತ್ತ ಕೈ ತೋರಿಸಿದರು.

"ಎಲ್ಲಾ ಡೆಲ್ಲೀಲೇ ಐತೆ ಅಂದ್ಮೇಲೆ ಅಲ್ಲಿಗೇ ಹೋಗಾನ ಕಣಮ್ಮ. ಎಂಪಿ ಎಲೆಕ್ಷನ್‌ಗೆ ನಿಂತ್ಕಂಬುಡ್ತೀನಿ" ಅಂದಳು.

ನಮ್ಮ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ನಾವು ಪರಿಶಿಷ್ಟ ಪಂಗಡದವರು. ಅಲ್ಲಿ ನಿಲ್ಲುವಂತಿಲ್ಲವೆಂದು ತಿಳಿಸಿದೆ.

"ಅವ್ರಿಗೂ ಬೇಕಲ್ಲಮ್ಮ, ಅವ್ರೇನು ಸುಖವಾಗವ್ರಾ? ನಂಗೆ ಬೇರೆ ಜಾಗ ನೋಡು."

ಮಧುಗಿರಿ, ಕೊರಟಗೆರೆ ಸೇರುವ ಪಕ್ಕದ ಕ್ಷೇತ್ರ ಸಾಮಾನ್ಯ. ಪಕ್ಷೇತರಳಾಗಿ ನಿಲ್ಲಲು ಅಲ್ಲಿನ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಬಿಸಿಲಲ್ಲಿ ಊರೂರು ನಡೆದು ಒಂಬತ್ತು ಸಹಿ ತಂದಳು. ಹತ್ತನೆಯದಕ್ಕೆ ನನ್ನ ಮುಂದೆ ಕಾಗದ ಇಟ್ಟಳು. ನನ್ನ ಗಂಡನ ಮನೆ ಮಧುಗಿರಿ, ಓಟೂ ಅಲ್ಲೇ.

"ಪಂಚಾಯ್ತಿ ನೌಕರಳು ಸಹಿ ಹಾಕಿದ್ರೆ ಕೆಲಸ ಹೋಗುತ್ತಕ್ಕ" ಅಂದೆ.

ಅವಳು ಕಾಗದ ಮಡಚಿಕೊಂಡಳು. ಕೊನೆಗೆ ಕೊರಟಗೆರೆಯಲ್ಲಿರುವ ಅವಳ ತಂಗಿಯ ಗಂಡ ಸಹಿ ಹಾಕಿದ.

ನಾಮಪತ್ರ ಪರಿಶೀಲನೆಯ ದಿನ ಅವಳ ಜೊತೆ ನಾನೂ ಹೋಗಿದ್ದೆ. ಆ ಮನುಷ್ಯ ಬೇರೆ ಯಾರದೋ ಕಾರಿನಲ್ಲಿ ಬಂದಿಳಿದು, ಸಹಿ ತನ್ನದಲ್ಲವೆಂದು ಬರೆದುಕೊಟ್ಟ. ಓಬಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಯಾರ ಮುಂದೆಯೂ ತಗ್ಗದ ಹೆಂಗಸು ಅಂದು ಚುನಾವಣಾಧಿಕಾರಿಗೆ ಕೈ ಮುಗಿದಳು. "ಸ್ವಾಮಿ, ಒಂದ್ ಗಂಟೆ ಟೈಮ್ ಕೊಡಿ. ಇನ್ನೊಬ್ರ ಸಹಿ ತತ್ತೀನಿ."

"ನಾನು ಹಾಕ್ತೀನಿ" ಅಂದೆ. ನಾಮಪತ್ರ ಸಲ್ಲಿಸುವ ಗಡುವು ಹಿಂದಿನ ದಿನವೇ ಮುಗಿದಿತ್ತು. ನಾಮಪತ್ರ ತಿರಸ್ಕೃತವಾಯಿತು.

ಅವಳನ್ನು ಕೊನೆಯ ಸಲ ಕಂಡದ್ದು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ. ತುಂಬ ಇಳಿದುಹೋಗಿದ್ದಳು.

"ನನ್ ಮೇಲೆ ಸಿಟ್ಟಾ ಅಕ್ಕ?"

"ಸಿಟ್ಟು ಮಾಡ್ಕಂಡು ಯಾರ್‍ನ ಕಳ್ಕಳ್ಳಾನ? ನಾವಿರೋದೇ ಈಟು ಜನ." ಕೈಚೀಲ ಕೆಳಗಿಟ್ಟು ಕೇಳಿದಳು: "ಮುಂದ್ಲ ಸಲಕ್ಕೆ ನಾನಿರಲ್ಲ ಕಣಮ್ಮ. ಓದಿದೋಳು, ನೀನ್ ನಿಲ್ತೀಯಾ?"

ಪಾವಗಡದ ಬಸ್ಸು ಬಂತು. ಕೈಚೀಲ ಎತ್ತಿಕೊಟ್ಟೆ.

ಆ ಮಳೆಗಾಲದಲ್ಲೇ ಓಬಕ್ಕ ತೀರಿಕೊಂಡಳು. ಈಗ ಬೆಟ್ಟದ ಬುಡದ ಹೊಲಗಳ ಸುತ್ತ ಅರಣ್ಯ ಇಲಾಖೆಯ ತಂತಿಬೇಲಿ ಬಿದ್ದಿದೆ. ಯಾಕೆಂದು ಕೇಳಲು ಹಟ್ಟಿಯಿಂದ ಇನ್ನೂ ಒಬ್ಬರೂ ಕಚೇರಿಗೆ ಬಂದಿಲ್ಲ.