ಅರ್ಮಾಂಡನಿಗೆ ಊರಿನ ವಂದನೆ

ಅರ್ಮಾಂಡ್ ಲಾಫ್ಲಾಮ್ ನಮ್ಮೂರಿನ ರಸ್ತೆಗಳ ಹಿಮ ತೆಗೆಯುವವನು. ವರ್ಮಾಂಟಿನ ಈ ಗುಡ್ಡದೂರಿನಲ್ಲಿ ಪಾದ್ರಿಯಿಲ್ಲದೆ ಚಳಿಗಾಲ ಕಳೆದಿದ್ದೇವೆ, ಡಾಕ್ಟರಿಲ್ಲದೆಯೂ ಕಳೆದಿದ್ದೇವೆ. ಅರ್ಮಾಂಡ್ ಇಲ್ಲದೆ ಒಂದು ವಾರವೂ ನಡೆದಿಲ್ಲ. ಅವನ ಲಾರಿ ದಾರಿ ಬಿಡಿಸಿದ ಮೇಲೆಯೇ ಹಾಲಿನ ಟ್ಯಾಂಕರು, ಶಾಲೆಯ ಬಸ್ಸು, ಎಲ್ಲಕ್ಕಿಂತ ಕೊನೆಗೆ ವಿಮೆ ಮಾರುವ ನಾನು ಹೊರಡುವುದು. ನಾನು ಹೊರಡದಿದ್ದರೆ ಊರಿಗೆ ಸಂತೋಷವೇ, ಅದು ಬೇರೆ ಮಾತು.

ಲಾರಿಯ ಹೀಟರು ಜುಲೈ ತಿಂಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅವನೇ ನಗುತ್ತಿದ್ದ. ನಗದೇ ಹೇಳುತ್ತಿದ್ದದ್ದು ಒಂದೇ: ಕ್ರಿಸ್‌ಮಸ್ ಬೆಳಗ್ಗೆ ಮಗಳು ಸಿಮೋನ್ ಉಡುಗೊರೆ ಬಿಚ್ಚುವುದನ್ನು ಅವನು ಫೋಟೋದಲ್ಲಷ್ಟೇ ನೋಡಿದ್ದಾನೆ. ಹಿಮ ಹಬ್ಬ ನೋಡಿಕೊಂಡು ಬೀಳುವುದಿಲ್ಲ. ಊರಿಗೆ ಇರುವುದೂ ಅವನೊಬ್ಬನೇ.

ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಗುಡ್ಡದಾಚೆಯ ಊರಿನವರು ಅವನನ್ನು ಕರೆದರು. ಅಲ್ಲಿ ಸರದಿಯ ಮೇಲೆ ಇಬ್ಬರು ಚಾಲಕರು, ಹೊಸ ಲಾರಿ. ಆದರೆ ಅಲ್ಲಿಯೇ ಮನೆ ಮಾಡಬೇಕು. ಹೋದರೆ ಹೆಂಡತಿ ಡೋರೀನ್ ಇಲ್ಲಿನ ಶಾಲೆಯ ಅಡುಗೆ ಕೆಲಸ ಬಿಡಬೇಕು, ಸಿಮೋನ್ ತನ್ನ ಹಾಕಿ ತಂಡ ಬಿಡಬೇಕು. ಹೋಗದಿದ್ದರೆ ಅವನು ಮನೆಯಲ್ಲಿ ಇದ್ದೂ ಇಲ್ಲದವನು.

ಸುದ್ದಿ ತಿಳಿದು ಊರಸಮಿತಿಯ ಮೆರಿಲ್ ಹ್ಯಾಚ್ ಅವನ ಅಡುಗೆಮನೆಗೆ ಬಂದು ಕೂತ. ಇಬ್ಬರೂ ಒಟ್ಟಿಗೆ ಜಿಂಕೆ ಬೇಟೆಗೆ ಹೋಗುವ ಹಳೆಯ ಗೆಳೆಯರು. ನಾನೂ ಅಲ್ಲಿದ್ದೆ; ಡೋರೀನ್ ಸೇಬಿನ ಪೈ ಮಾಡಿದ ದಿನ ನಾನು ಎಲ್ಲಿರುತ್ತೇನೆಂದು ಯಾರೂ ಹುಡುಕಬೇಕಾಗಿಲ್ಲ.

"ಎಲ್ಲಿಗೂ ಹೋಗ್ಬೇಡ ಮಾರಾಯ," ಎಂದ ಮೆರಿಲ್. "ಮಾರ್ಚಿನ ಊರಸಭೇಲಿ ಇನ್ನೊಬ್ಬ ಡ್ರೈವರ್‌ನ ಗೊತ್ತು ಮಾಡಿಸ್ಕೊಡ್ತೀನಿ. ಮುಂದಿನ ಕ್ರಿಸ್‌ಮಸ್‌ಗೆ ನೀನು ಮನೇಲಿ ಪೈಜಾಮದಲ್ಲಿ ಕೂತಿರ್ತೀಯ."

"ಜನ ಒಪ್ತಾರಾ?"

"ಒಪ್ಪದೆ? ನಾನು ಹೇಳಿದ ಮೇಲೆ?"

ಡೋರೀನ್ ಮೆರಿಲ್‌ಗೆ ಇನ್ನೊಂದು ತುಂಡು ಪೈ ಹಾಕಿದಳು. ಅರ್ಮಾಂಡ್ ಮರುದಿನವೇ ಆಚೆ ಊರಿಗೆ ಬರುವುದಿಲ್ಲವೆಂದು ಹೇಳಿಬಿಟ್ಟ. ಅವರು ಬೇರೆಯವನನ್ನು ತೆಗೆದುಕೊಂಡರು.

ಮಾರ್ಚ್ ಬಂತು. ನಮ್ಮಲ್ಲಿ ಊರಿನ ಖರ್ಚೆಲ್ಲ ಆ ಒಂದು ದಿನ ಊರವರೇ ಸೇರಿ, ಬೇಕು ಬೇಡ ಎಂದು ಬಾಯಿ ಬಿಟ್ಟು ಕೂಗಿ ತೀರ್ಮಾನಿಸುವುದು. ಸಭೆ ನಡೆಸುವವನು ನಾನು. ಅರ್ಹತೆ ದೊಡ್ಡ ಗಂಟಲು, ಅಷ್ಟೇ. ನಡೆಸುವವನು ಯಾವ ಕಡೆಗೂ ಕೂಗುವ ಹಾಗಿಲ್ಲ. ನನ್ನಂಥ ಪುಕ್ಕಲನಿಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಸಿಕ್ಕುವುದಿಲ್ಲ.

ಎರಡನೆಯ ಚಾಲಕನ ವಿಷಯ ಬಂದಾಗ ತೆರಿಗೆ ಎಷ್ಟು ಏರುತ್ತದೆಂದು ಯಾರೋ ಕೇಳಿದರು. ಸ್ವಲ್ಪ, ಎಂದರು ಲೆಕ್ಕದವರು. ಆ 'ಸ್ವಲ್ಪ' ಕೇಳಿ ಬೆಂಚುಗಳು ಕಿರುಗುಟ್ಟಿದವು. ಮೆರಿಲ್ ಈಗ ಏಳುತ್ತಾನೆ, ಆಗ ಏಳುತ್ತಾನೆ ಎಂದು ನೋಡಿದೆ. ಅವನು ತನ್ನ ಟೋಪಿಯ ನೂಲು ಕೀಳುತ್ತಿದ್ದ.

"ಬೇಕು ಅನ್ನುವವರು?" ಎಂದೆ.

ಡೋರೀನ್‌ಳ ಧ್ವನಿ, ಜೊತೆಗೆ ಇನ್ನು ಕೆಲವು.

"ಬೇಡ ಅನ್ನುವವರು?"

ಕಿಟಕಿಯ ಗಾಜು ಅದುರಿತು. ಬಿರುಗಾಳಿ ಬೀಸಿದಾಗಲೆಲ್ಲ "ಅರ್ಮಾಂಡ್, ನಮ್ಮ ಕಡೆ ಯಾವಾಗ ಬರ್ತೀಯೋ?" ಎಂದು ಫೋನಿನಲ್ಲಿ ಗೋಗರೆಯುವ ಧ್ವನಿಗಳೇ ಅವು. ಒಂದೊಂದೂ ಯಾವ ಮನೆಯದೆಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲವನು ಹಿಂದಿನ ಬೆಂಚಿನಲ್ಲಿ ಕೂತಿದ್ದ ಅರ್ಮಾಂಡ್. ಮೆರಿಲ್‌ನ ಧ್ವನಿಯನ್ನಂತೂ ನಾನೇ ಗುರುತಿಸಿದೆ.

ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಬೀನ್ಸ್ ಕಾಳು, ಹ್ಯಾಮ್ ಎನ್ನುವ ಹಂದಿಮಾಂಸ. ಸಾಲಿನಲ್ಲಿ ಅರ್ಮಾಂಡ್ ಮೆರಿಲ್‌ನ ಪಕ್ಕಕ್ಕೇ ಬಂದು ನಿಂತ.

"ನೀನೂ ಬೇಡ ಅಂದ್ಯಲ್ಲೋ."

"ನೋಡಪ್ಪ, ಗೆಳೆಯನಾಗಿ ಮಾತು ಕೊಟ್ಟೆ, ತೆರಿಗೆ ಕಟ್ಟೋನಾಗಿ ಬೇಡ ಅಂದೆ. ಅದು ಬೇರೆ, ಇದು ಬೇರೆ."

"ಹಾಗಾದ್ರೆ ನನ್ನ ಮನೇಲಿ ಪೈ ತಿಂದೋನು ಇಬ್ಬರಲ್ಲಿ ಯಾರು?"

ಮೆರಿಲ್ ನನ್ನ ಕಡೆ ನೋಡಿದ. ನಾನು ಉಪ್ಪಿನಕಾಯಿ ಹುಡುಕಿದೆ.

ಊಟವಾದ ಮೇಲೆ ಸಭೆಯ ಕೊನೆಯ ವಿಷಯ. ಪ್ರತಿ ವರ್ಷದ ಪದ್ಧತಿ: ರಸ್ತೆ ನೋಡಿಕೊಳ್ಳುವವನಿಗೆ ಊರಿನ ವಂದನೆ. ಅದನ್ನು ಸೂಚಿಸಲು ಮೆರಿಲ್‌ನೇ ಎದ್ದ. ಅರ್ಮಾಂಡನಂಥವನು ಯಾವ ಊರಿಗೂ ಸಿಕ್ಕಿಲ್ಲ ಎಂದ. ಮಾತಿನ ನಡುವೆ ಒಂದೆರಡು ಸಲ ಕಣ್ಣು ಒರೆಸಿಕೊಂಡ. ಅದು ನಟನೆಯಲ್ಲ; ಅದೇ ನನಗೆ ಹೆಚ್ಚು ಕಷ್ಟವಾದದ್ದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೋರೀನ್ ಮಾತ್ರ ಕೋಟು ಹಾಕಿಕೊಳ್ಳುತ್ತಿದ್ದಳು.

"ಒಪ್ಪಿಗೆ ಇರುವವರು?" ಎಂದೆ.

ಬೆಳಗಿನ ಕೂಗಿಗಿಂತ ಜೋರಾಗಿ ಇಡೀ ಸಭಾಂಗಣ ಒಪ್ಪಿತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿಯಮ ನಿಯಮವೇ. "ಬೇಡ ಅನ್ನುವವರು?"

"ಬೇಡ," ಎಂದ ಅರ್ಮಾಂಡ್.

ಕೂಗಲಿಲ್ಲ, ಹೇಳಿದ. ನಾನು ಎರಡು ಕಡೆಯ ಕೂಗನ್ನೂ ಅಳೆದವನ ಹಾಗೆ ತಲೆದೂಗಿದೆ. ಆಮೇಲೆ, ವಂದನೆ ಅಂಗೀಕಾರವಾಗಿದೆ ಎಂದು ಸಾರಿದೆ. ಅವನು ಡೋರೀನ್‌ಗೆ ಬಾಗಿಲು ಹಿಡಿದುಕೊಂಡು, ಅವಳ ಹಿಂದೆಯೇ ಹೊರಟುಹೋದ. ಹೊರಗೆ ಲಾರಿ ಕೆಮ್ಮಿ ಶುರುವಾದದ್ದು ಎಲ್ಲರಿಗೂ ಕೇಳಿಸಿತು.

ಮೆರಿಲ್ ನನ್ನ ಮೇಜಿನ ಹತ್ತಿರ ಬಂದು ಬಗ್ಗಿದ. ಮುಖ ಸಣ್ಣದಾಗಿತ್ತು.

"ಅಲ್ವೋ," ಎಂದ, "ನಾಳೆ ಹಿಮ ಬೀಳುತ್ತಂತೆ. ಇವನು ಬರ್ತಾನೆ ತಾನೆ?"