ಕಾಲು ನಿಲ್ಲದ ಅಮರಾವತಿ

ಚಿನ್ನದ ಗಣಿಯ ಊರಾದ ಕೋರಮಂಡಲದಿಂದ ಬಂಗಾರಪೇಟೆಗೆ ಪಿ.ಯು.ಸಿ. ಓದಲು ಹೋಗುವ ಅಮರಾವತಿ, ರೈಲಿನಲ್ಲಿ ಜಾಗವಿದ್ದರೂ ಕೂರುವವಳಲ್ಲ. ಫಾರ್ಮಸಿ ಕಾಲೇಜಿಗೆ ಸೇರುವ ತನಕ ಅವಳ ಕಾಲು ಒಂದು ಕಡೆ ನಿಲ್ಲದು. ಮೆಡಿಕಲ್ ಸ್ಟೋರಿನವರನ್ನು ಕಾಡಿ ತಂದ, ಮಾತ್ರೆ ಡಬ್ಬಿಯೊಳಗಿನ ಚೀಟಿಗಳನ್ನು ಬಾಯಿಪಾಠ ಮಾಡುತ್ತ ಬೋಗಿಯುದ್ದಕ್ಕೂ ಅಲೆಯುತ್ತಾಳೆ. ಯಾರು ಸೀನಿದರೂ ಅವಳಿಗೆ ಅದೊಂದು ಪರೀಕ್ಷೆಯ ಪ್ರಶ್ನೆ. ಸೊಪ್ಪಿನ ಬುಟ್ಟಿಯ ಮುದುಕಿ ಸೊಂಟ ಹಿಡಿದುಕೊಂಡರೆ ಸಾಕು, “ಅಜ್ಜೀ, ನೋವಿನ ಮಾತ್ರೆ ಖಾಲಿ ಒಟ್ಟೇಲಿ ನುಂಗ್ಬ್ಯಾಡ!” ಎಂದು ಪಕ್ಕದ ಬೋಗಿಗೂ ಕೇಳುವಂತೆ ಕೂಗುತ್ತಾಳೆ. ಯಾರಾದರೂ ಡಾಕ್ಟ್ರಮ್ಮ ಎಂದರೆ ಸಿಟ್ಟು ನೆತ್ತಿಗೇರುತ್ತದೆ: “ಡಾಕ್ಟ್ರು ಬರೀತಾರೆ ಅಷ್ಟೇಯ, ಮದ್ದು ಮಾಡೋರು ನಾವು!” ಮನೆಯಲ್ಲಿ, ಗಣಿಯ ಧೂಳು ಕುಡಿದ ಅಪ್ಪ ಕೋದಂಡಪ್ಪ ಕೆಮ್ಮಿ ಕೆಮ್ಮಿ ಸುಸ್ತಾಗಿ, “ಇದುಕ್ಕೆ ಯಾವ ಮಾತ್ರೆ ಅಮ್ಮಣ್ಣೀ?” ಎಂದು ಕೇಳುತ್ತಾನೆ. ಅದಕ್ಕೆ ಮದ್ದಿಲ್ಲವೆಂದು ಎಂದೋ ಓದಿಕೊಂಡಿರುವ ಅಮರಾವತಿ, “ಆ ಪಾಠ ಇನ್ನೂ ಬಂದಿಲ್ಲ ಕಣಪ್ಪಾ” ಎನ್ನುತ್ತಾಳೆ. ಆಗ ಮಾತ್ರ ಅವಳ ಕಾಲು ಅಲುಗಾಡುವುದಿಲ್ಲ.