ಗರಿಕೆ ಕಿತ್ತ ಮೈದಾನ

ಸಾಗರದ ನಮ್ಮ ಫುಟ್‌ಬಾಲ್ ಮೈದಾನವನ್ನು ಜೀರ್ಣೋದ್ಧಾರ ಮಾಡಿದೆವು ಎಂದು ಕೆಲವರು ಈಗಲೂ ಎದೆ ಉಬ್ಬಿಸಿ ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಉದ್ಧಾರವಂತೆ!

ಅರವತ್ತರ ದಶಕದ ಆರಂಭದವರೆಗೂ ಅದು ಮರದ ದಿಮ್ಮಿ ಪೇರಿಸುವ ಜಾಗ. ದಿಮ್ಮಿಗಳು ಖಾಲಿಯಾದ ಮೇಲೆ ಉಳಿದದ್ದು ಜಂಬಿಟ್ಟಿಗೆ ಕಲ್ಲಿನ ಬೋಳು ನೆಲ. ಆಡುವಾಗ ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ನಮ್ಮ ಕ್ಯಾಪ್ಟನ್ ಪೇಟೆಯಲ್ಲಿ, ಮೈದಾನದ ಎದುರಿಗೇ, ಹೊಲಿಗೆ ಅಂಗಡಿ ಇಟ್ಟಿದ್ದವರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಹಗಲು ಮಿಷನ್ ತುಳಿಯುವುದಕ್ಕೂ ಸಂಜೆ ಚೆಂಡು ಒದೆಯುವುದಕ್ಕೂ ಅವರಿಗಿದ್ದದ್ದು ಅವೇ ಎರಡು ಕಾಲು. ಅವರೊಂದು ಕಟ್ಟಳೆ ಮಾಡಿದರು: ತಂಡಕ್ಕೆ ಸೇರುವವನು ಕೆರೆ ಏರಿಯಿಂದ ಒಂದು ಬುಟ್ಟಿ ಗರಿಕೆ ತಂದು ನೆಡಬೇಕು, ಅದು ಬೇರು ಹಿಡಿದ ಮೇಲೆಯೇ ತಂಡದ ಬನಿಯನ್. ನನ್ನ ಗರಿಕೆ ಎರಡು ಸಲ ಒಣಗಿತು. ಅಣ್ಣ ಒಂದಿಷ್ಟೂ ದಾಕ್ಷಿಣ್ಯ ತೋರಿಸಲಿಲ್ಲ. ಮೂರನೆಯದು ಚಿಗುರಿತು, ನಾನು ಬಲಗಡೆಯ ಮೂಲೆಯ ಆಟಗಾರನಾದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮೈದಾನ ಹಸಿರಾಗಿತ್ತು.

ತೀರ್ಥಹಳ್ಳಿಯ ತಂಡದ ಜೊತೆ ಪಂದ್ಯ ಗೊತ್ತಾದ ವರ್ಷ ಊರ ಹಿರಿಯರಿಗೆ ಇದ್ದಕ್ಕಿದ್ದಂತೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ಒಂದು ಸಮಿತಿ ಹುಟ್ಟಿತು. ಅದರ ಅಧ್ಯಕ್ಷರು ಅಕ್ಕಿ ಗಿರಣಿಯವರು, ಜನ್ಮದಲ್ಲಿ ಚೆಂಡು ಒದ್ದವರಲ್ಲ. ಗಣ್ಯರು ಬರುತ್ತಾರೆ, ಹುಲ್ಲು ತೆಗೆದು ನೆಲ ಸಮ ಮಾಡಿಸಬೇಕು ಎಂದರು. ನಮ್ಮ ಕಡೆಯವರಿಗೆ ಚಂದದ ನೆಲ ಎಂದರೆ ಒಂದೇ, ಸುಗ್ಗಿಗೆ ಸಿದ್ಧ ಮಾಡಿದ ಅಂಗಳ.

“ಹುಲ್ಲು ಕೀಳ್ಬೇಡಿ ಸ್ವಾಮಿ, ಬಿದ್ರೆ ಕಾಲು ಉಳಿಯಲ್ಲ,” ಎಂದರು ಅಣ್ಣ.

“ಹುಲ್ಲು ಎಂತಕ್ಕೆ ಮಾರಾಯಾ? ಚೆಂಡೇನು ಮೇಯ್ತದಾ?” ಎಂದರು ಅಧ್ಯಕ್ಷರು.

ಸಭೆಯೆಲ್ಲ ನಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ.

ಒಂದು ವಾರ ಗರಿಕೆ ಕಿತ್ತರು. ಜೇಡಿಮಣ್ಣು ಹರಡಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿದರು. ಅಂಗಳ ಬಡಿಯುವುದರಲ್ಲಿ ನಮ್ಮ ಮನೆಯವರದು ಎತ್ತಿದ ಕೈ ಎಂದು ಯಾರೋ ಉಬ್ಬಿಸಿದರು, ನಾನು ಉಬ್ಬಿದೆ. ಬಲಗಡೆಯ ಮೂಲೆಯನ್ನು ಪೂರ್ತಿ ನಾನೇ ಬಡಿದೆ. ಮೇಲೆ ಸಗಣಿ ಹಾಕಿ ಸಾರಿಸಿದ್ದೂ ಆಯಿತು. ಬಂದವರೆಲ್ಲ ಇಲ್ಲೇ ಎಲೆ ಹಾಕಿ ಊಟ ಮಾಡಬಹುದು ಎಂದು ಹೊಗಳಿದರು. ಫುಟ್‌ಬಾಲ್ ಆಡಬಹುದೇ ಎಂದು ಒಬ್ಬನೂ ಕೇಳಲಿಲ್ಲ.

ಪಂದ್ಯದ ದಿನ ನೆಲ ಬಿಸಿಲಿಗೆ ಕಲ್ಲಾಗಿತ್ತು. ಪುಟಿದ ಚೆಂಡು ನಮ್ಮ ತಲೆಯ ಮೇಲೇ ಹಾರಿ ಹೋಗುತ್ತಿತ್ತು. ಅರ್ಧ ಆಟವೂ ಮುಗಿದಿರಲಿಲ್ಲ, ನಾನು ಬಿಟ್ಟ ಚೆಂಡನ್ನು ತಡೆಯಲು ಬಲಗಡೆಯ ಮೂಲೆಗೆ ಓಡಿ ಬಂದ ಅಣ್ಣ ಜಾರಿದರು. ಬಲ ಮೊಣಕಾಲಿನ ಚಿಪ್ಪು ಒಡೆಯಿತು. ಬಿದ್ದಲ್ಲೇ ನೆಲವನ್ನು ಅಂಗೈಯಿಂದ ಒಂದು ಸಲ ಸವರಿ ನೋಡಿದರು.

ಮುಂದಿನ ವಾರ ಮೈದಾನದ ತುಂಬ ಗಿರಣಿಯ ಬೇಯಿಸಿದ ಭತ್ತ ಒಣಗಲು ಹರಡಿತ್ತು. ಅಧ್ಯಕ್ಷರು ಬೇಕೆಂದೇ ಹಾಗೆ ಮಾಡಿಸಿದರು ಎನ್ನಲಾರೆ. ಅಷ್ಟು ಒಳ್ಳೆಯ ಅಂಗಳ ಖಾಲಿ ಬಿದ್ದಿದ್ದನ್ನು ನೋಡಿ ಅವರಿಗೆ ನಿಜವಾಗಿಯೂ ಸಂಕಟವಾಗಿರಬೇಕು. ಆ ಸಂಕಟದಲ್ಲಿ ಒಂದು ಚೂರನ್ನಾದರೂ ಅಣ್ಣನ ಕಾಲಿಗೆ ಉಳಿಸಬಾರದಿತ್ತೇ? ಅವರು ಅಣ್ಣನಿದ್ದ ಆಸ್ಪತ್ರೆಯತ್ತ ತಲೆ ಕೂಡ ಹಾಕಲಿಲ್ಲ.

ನಾನು ಹೋದೆ. ಅಣ್ಣನ ಕಾಲು ಮತ್ತೆ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಗಿರಣಿಯವರನ್ನು ಬಾಯಿಗೆ ಬಂದಂತೆ ಬೈದೆ, ಸಮಿತಿಯನ್ನು ಬೈದೆ. ಬೈಯುವುದಕ್ಕೆ ಯಾರೂ ಉಳಿಯದಾದಾಗ ಹೇಳಿದೆ, “ಅಣ್ಣಾ, ಆ ಮೂಲೆ ಬಡಿದವ ನಾನೇ.”

“ಗೊತ್ತು ಮಾರಾಯಾ, ಅಂಗಡಿಯಿಂದ ನೋಡ್ತಿದ್ದೆ,” ಎಂದರು ಅಣ್ಣ. “ಬಡಿದೂ ಬಡಿದೂ ಸೊಂಟ ಹಿಡ್ಕೊಂಡು ಕೂತಿದ್ಯಲ್ಲ, ಈಗ ಹ್ಯಾಂಗಿದೆ?”